ಖಡಕ್ ರೊಟ್ಟಿ, ಚೀನಾದ ಗಾಡಿ, ಡಂಬಳದ ಹದಿನಾರು ಸೆಟ್ಟರು

ಮೂವತ್ತಾರು ವರ್ಷ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟರ್ ಆಗಿ ಗಾಲಿ ಉಜ್ಜಿದವನು ನಾನು. ಅಷ್ಟು ವರ್ಷದಲ್ಲಿ ಒಂದು ಸಲವೂ ಗಾಡಿ ತಪ್ಪಿಸಿಕೊಂಡಿರಲಿಲ್ಲ. ನಿವೃತ್ತನಾದ ಮೇಲೆ, ಚೀನಾದಲ್ಲಿ, ಗಾಡಿ ಕೆಳಗೆ ನಿಂತದ್ದು ಕಾಣುತ್ತಿರುವಾಗಲೇ ತಪ್ಪಿಸಿಕೊಂಡೆ.

ಅಲ್ಲಿ ನಮ್ಮ ಹಾಗೆ ಪ್ಲಾಟ್‌ಫಾರ್ಮಿಗೆ ಹೋಗಿ ಚಹಾ ಕುಡಿಯುತ್ತ ನಿಲ್ಲುವಂತಿಲ್ಲ. ಮೇಲೆ ದೊಡ್ಡ ಹಾಲ್. ವಿಮಾನ ನಿಲ್ದಾಣದಂತೆ ಬ್ಯಾಗಿನ ತಪಾಸಣೆ. ಗಾಡಿ ಹೊರಡುವುದಕ್ಕೆ ಹದಿನೈದು ನಿಮಿಷ ಇರುವಾಗ ಗೇಟು ತೆರೆಯುತ್ತಾರೆ, ಹೊರಡುವ ಕೆಲವೇ ನಿಮಿಷ ಮೊದಲು ಮುಚ್ಚಿಬಿಡುತ್ತಾರೆ. ಟಿಕೆಟ್ ಕಾಗದವೂ ಬೇಡ, ಪಾಸ್‌ಪೋರ್ಟೇ ಟಿಕೆಟ್. ಬಿಡಲು ಬಂದವರಿಗೆ ಒಳಗೆ ಪ್ರವೇಶವಿಲ್ಲ. ನಮ್ಮಲ್ಲಿ ಒಬ್ಬ ಬೆಂಗಳೂರಿಗೆ ಹೊರಟರೆ ಆರು ಮಂದಿ ಕಿಟಕಿಗೆ ಜೋತುಬಿದ್ದು "ಮುಟ್ಟಿದ ಕೂಡ್ಲೆ ಫೋನ್ ಮಾಡು" ಅನ್ನಬೇಕು, ಇಲ್ಲದಿದ್ದರೆ ಅದು ಪ್ರಯಾಣವೇ ಅಲ್ಲ. ನಾನು ಮೇಲಿನ ಗಾಜಿಗೆ ಮೂಗು ಹಚ್ಚಿ ಕೆಳಗಿನ ಗಾಡಿಯ ಬೋಗಿ, ಅಂದರೆ ಗಾಲಿ ಕೂಡಿಸುವ ಚೌಕಟ್ಟು, ಕಾಣುತ್ತದೇನೋ ಅಂತ ನೋಡುತ್ತ ನಿಂತುಬಿಟ್ಟೆ. ಮಗಳು ಓಡಿ ಬರುವಷ್ಟರಲ್ಲಿ ಗೇಟು ಮುಚ್ಚಿತ್ತು.

"ಅಪ್ಪಾ, ನೀವs ಹಿಂಗ ಮಾಡಿದ್ರ ಹೆಂಗ್ರಿ? ರೈಲ್ವೆದಾಗ ಇದ್ದವ್ರು!"

"ರೈಲ್ವೆದಾಗ ಇದ್ನೆವಾ ತಂಗಿ, ಆದ್ರ ಗಾಡಿ ಕೆಳಗ ಇದ್ದೆ, ಮ್ಯಾಲ ಇರ್ಲಿಲ್ಲ."

ಕೌಂಟರಿನ ಹುಡುಗಿ ನಗದೆ, ಬೈಯದೆ ಅದೇ ದಿನದ ಮುಂದಿನ ಗಾಡಿಗೆ ಟಿಕೆಟ್ ಬದಲಿಸಿ ಕೊಟ್ಟಳು. ಅವಳಿಗೆ ಎರಡು ಧಾರವಾಡ ಫೇಡೆ ಕೊಡಲು ಹೋದೆ. ಎರಡೂ ಕೈ ಆಡಿಸಿ ಬೇಡ ಅಂದಳು. ಮಣ್ಣಿನ ಬಣ್ಣದ ಆ ಉಂಡೆ ಏನಿರಬಹುದು ಅಂತ ಹೆದರಿದಳೋ ಏನೋ.

ಚೀನಾಕ್ಕೆ ಯಾಕೆ ಹೋದಿರಿ ಅಂತ ಎಲ್ಲರೂ ಕೇಳುತ್ತಾರೆ. ನನ್ನ ಹುಟ್ಟೂರು ಗದಗ ಜಿಲ್ಲೆಯ ಡಂಬಳ. ದೊಡ್ಡಬಸಪ್ಪನ ಗುಡಿ ನೋಡಿದವರಿಗೆ ಊರು ಗೊತ್ತು. ನಾನು ಏಳನೆಯ ಇಯತ್ತೆಯಲ್ಲಿದ್ದಾಗ ನಮ್ಮ ಮಾಸ್ತರರು ಒಂದು ಮಾತು ಹೇಳಿದ್ದರು: ಈ ಊರಿನಲ್ಲಿ ಒಂದು ಕಾಲಕ್ಕೆ ಬುದ್ಧನ ವಿಹಾರ ಇತ್ತು. ಕ್ರಿ.ಶ. 1095ರ, ಆರನೆಯ ವಿಕ್ರಮಾದಿತ್ಯನ ಕಾಲದ ಶಾಸನ ಅದನ್ನು ಹೇಳುತ್ತದೆ. ಆಗ ಊರಿನ ಹೆಸರು ಧರ್ಮವೊಳಲು. ಹದಿನಾರು ಮಂದಿ ಸೆಟ್ಟರು ಕೂಡಿ ಬುದ್ಧನಿಗೊಂದು ವಿಹಾರ ಕಟ್ಟಿಸಿದರು, ಲೊಕ್ಕಿಗುಂಡಿಯ, ಅಂದರೆ ನಮ್ಮ ಲಕ್ಕುಂಡಿಯ ಸೆಟ್ಟಿಯೊಬ್ಬ ಬೌದ್ಧರ ದೇವಿ ತಾರೆಗೆ ಇನ್ನೊಂದು ಕಟ್ಟಿಸಿದ. ಅಶೋಕನಿಗೆ ಹದಿಮೂರು ನೂರು ವರ್ಷ ತುಂಬಿದ ಮೇಲೂ ನಮ್ಮೂರ ಪ್ಯಾಟಿ ಮಂದಿ ಬುದ್ಧನಿಗಾಗಿ ದುಡ್ಡು ಬಿಚ್ಚುತ್ತಿದ್ದರು. ಇವತ್ತು ಬುದ್ಧನ ಗುಡಿ ನೋಡಬೇಕು ಅಂದರೆ ಹುಬ್ಬಳ್ಳಿಯವರು ರವಿವಾರ ಗಾಡಿ ಮಾಡಿಕೊಂಡು ಮುಂಡಗೋಡಕ್ಕೆ, ಟಿಬೆಟಿಯನ್ನರ ಕ್ಯಾಂಪಿಗೆ ಹೋಗುತ್ತೇವೆ. ಡಂಬಳದಲ್ಲೇ ಇತ್ತು ಅಂದರೆ ನಂಬುವವರಿಲ್ಲ. ದುಡ್ಡು ಕೊಟ್ಟ ಸೆಟ್ಟರ ಸುದ್ದಿ ನನ್ನ ತಲೆಯಿಂದ ಹೋಗಲೇ ಇಲ್ಲ. ಬುದ್ಧನಿಗೆ ಹೀಗೆ ದುಡ್ಡು ಕೊಟ್ಟ ಮಂದಿಯ ಗುರುತು ಬೇರೆಲ್ಲಾದರೂ ಉಳಿದಿದ್ದರೆ ನೋಡಬೇಕು ಅನ್ನಿಸುತ್ತಿತ್ತು. ಮಗಳು ಕೆಲಸದ ಮೇಲೆ ಚೀನಾಕ್ಕೆ ಹೋಗಿಬಂದವಳು, "ಬರ್ರಿ, ನಾ ತೋರಸ್ತೀನಿ" ಅಂದಳು. ಬೆಂಗಳೂರು, ಸಿಂಗಪುರ, ಬೀಜಿಂಗ್. ವಿಮಾನದ ಬಗ್ಗೆ ಹೇಳುವಂಥದ್ದೇನಿಲ್ಲ, ಕಾಲು ಹಿಡಿದುಕೊಂಡವು.

ಬೀಜಿಂಗ್‌ನಿಂದ ದಾತೊಂಗ್‌ಗೆ ಸುಮಾರು ಎರಡು ತಾಸು. ಆ ದಾರಿಗೆ ಒಂದು ಕತೆ ಇದೆ. ಮಹಾಗೋಡೆಯ ಬೆಟ್ಟ ದಾಟುವ ಹಳೆಯ ಮಾರ್ಗವನ್ನು 1909ರಲ್ಲಿ ಝಾನ್ ಟಿಯಾನ್ಯೂ ಎಂಬ ಚೀನೀ ಎಂಜಿನಿಯರ್ ಕಟ್ಟಿ ಮುಗಿಸಿದ. ಏರು ಎಷ್ಟು ಕಡಿದು ಅಂದರೆ ಗಾಡಿ ಒಮ್ಮೆ ಮುಂದೆ, ಒಮ್ಮೆ ಹಿಂದೆ ಹೋಗಿ, ಅಂಕುಡೊಂಕಾಗಿ ಬೆಟ್ಟ ಹತ್ತಬೇಕಿತ್ತು. ನಮ್ಮ ಕ್ಯಾಸಲ್‌ರಾಕ್ ಘಾಟಿನಲ್ಲಿ ಹಿಂದೆ ಮುಂದೆ ಬ್ಯಾಂಕರ್, ಅಂದರೆ ಹೆಚ್ಚುವರಿ ಎಂಜಿನ್ ಹಚ್ಚಿ, ಮೂವತ್ತೇಳು ಅಡಿಗೆ ಒಂದಡಿ ಮೇಲೇರುವ ಏರು ಹತ್ತಿಸುವುದನ್ನು ನೋಡಿದವನಿಗೆ ಆ ಕಷ್ಟ ತಿಳಿಯುತ್ತದೆ. 2019ರ ಹೊಸ ಮಾರ್ಗ ಬೆಟ್ಟದ ಹೊಟ್ಟೆಯಲ್ಲೇ ನುಗ್ಗುತ್ತದೆ. ಬಾದಾಲಿಂಗ್ ಎಂಬ ಸ್ಟೇಷನ್ ನೆಲದಿಂದ ನೂರು ಮೀಟರಿಗೂ ಕೆಳಗಿದೆ.

ಗಾಡಿಯ ಸದ್ದಿನ ಬಗ್ಗೆ ಹೇಳಲೇಬೇಕು. ಹಳಿಗೆ ಜೋಡಣೆಯೇ ಕೇಳಿಸುವುದಿಲ್ಲ. ಕೆಳಗೆ ಜಲ್ಲಿ ಇಲ್ಲ, ಕಾಂಕ್ರೀಟಿನ ಹಾಸು. ಬಾಗಿಲ ಮೇಲಿನ ಪಟ್ಟಿಯಲ್ಲಿ 348 ಅಂತ ಅಂಕಿ ಮಿನುಗುವಾಗ ನನ್ನ ಕೈಯ ಲೋಟದಲ್ಲಿ ನೀರು ಸುಮ್ಮನೆ ಕೂತಿತ್ತು. ಗಾಲಿಯಲ್ಲಿ ಒಂದು ಬೆರಳಗಲ ಚಪ್ಪಟೆ ಬಿದ್ದರೂ ಕೂತವನ ಬೆನ್ನಿಗೆ ಅದು ಹೇಳುತ್ತದೆ. ಇಲ್ಲಿ ಬೆನ್ನಿಗೆ ಏನೂ ಹೇಳಲಿಲ್ಲ. ಯಾರೋ ಒಬ್ಬ ಫಿಟರ್ ರಾತ್ರಿ ನಿದ್ದೆಗೆಟ್ಟು ಕೆಲಸ ಮಾಡಿದ್ದಾನೆ ಅಂದುಕೊಂಡೆ. ಸೀಟಿನ ಅಕ್ಷರ ಮಾತ್ರ ನನ್ನನ್ನು ಆಡಿಸಿದವು. ಎ, ಬಿ, ಸಿ ಒಂದು ಕಡೆ, ಡಿ, ಎಫ್ ಇನ್ನೊಂದು ಕಡೆ. ಇ ಎಲ್ಲಿ ಅಂತ ನಾನು ಹುಡುಕಿದ್ದೇ ಹುಡುಕಿದ್ದು. ವಿಮಾನದ ಪದ್ಧತಿಯಂತೆ, ಎ ಮತ್ತು ಎಫ್ ಅಂದರೆ ಕಿಟಕಿ, ಇ ಇಲ್ಲವೇ ಇಲ್ಲ.

ಊಟದ ಹೊತ್ತಿಗೆ ಚೀಲದಿಂದ ಖಡಕ್ ರೊಟ್ಟಿ ತೆಗೆದೆ. ಗಾಡಿಯ ಡಬ್ಬಿಯೆಲ್ಲ ನಿಶ್ಶಬ್ದ. ಮುರಿದ ಸದ್ದಿಗೆ ಎರಡು ಸಾಲು ಮುಂದಿನವರು ತಿರುಗಿ ನೋಡಿದರು. ಆಮೇಲೆ ಪ್ರತಿ ತುತ್ತನ್ನೂ ಟವೆಲ್ ಒಳಗೆ ಮುರಿದೆ. ಪ್ರತಿ ಡಬ್ಬಿಯ ತುದಿಗೆ ಕುದಿವ ನೀರಿನ ನಲ್ಲಿ ಇರುತ್ತದೆ, ಮಂದಿ ಅದರಲ್ಲಿ ನೂಡಲ್ಸ್ ನೆನೆಸಿಕೊಂಡು ತಿನ್ನುತ್ತಾರೆ. ಪಕ್ಕದ ಅಜ್ಜಿಗೆ ಶೇಂಗಾ ಚಟ್ನಿ ಹಚ್ಚಿ ಒಂದು ಚೂರು ಕೊಟ್ಟೆ. ಕಣ್ಣಲ್ಲಿ ನೀರು ಬಂತು, ಆದರೂ ಹೆಬ್ಬೆರಳು ಎತ್ತಿ ತೋರಿಸಿ, ನನ್ನ ಅಂಗೈಗೆ ಸೂರ್ಯಕಾಂತಿ ಬೀಜ ಸುರಿದಳು.

ದಾತೊಂಗ್ ನನ್ನ ಪಾಲಿಗೆ ಎರಡು ತೀರ್ಥ. ಒಂದು, ಅಲ್ಲಿನ ಲೋಕೋ ಕಾರ್ಖಾನೆ. ಮೇನ್ ಲೈನಿನ ಉಗಿಬಂಡಿಯನ್ನು 1988ರ ತನಕ ಮಾಡುತ್ತಿದ್ದ ಊರು ಅದು. ನಮ್ಮ ಚಿತ್ತರಂಜನ್ ಎಂಜಿನ್ ಕಾರ್ಖಾನೆಯಲ್ಲಿ 1972ಕ್ಕೇ ಉಗಿ ಬಂದ್ ಆಗಿತ್ತು. ಎರಡನೆಯದು ಯುನ್‌ಗಾಂಗ್ ಗುಹೆಗಳು. ಸುಮಾರು 460ರಲ್ಲಿ, ಉತ್ತರ ವೇಯ್ ಅರಸರ ಕಾಲದಲ್ಲಿ, ತಾನ್ಯಾವ್ ಎಂಬ ಭಿಕ್ಷು ಮೊದಲ ಐದು ಗುಹೆ ಕೊರೆಸಿದ. ಅದಕ್ಕೂ ಹದಿನಾಲ್ಕು ವರ್ಷ ಹಿಂದೆ ಅದೇ ಮನೆತನದ ಅರಸನೊಬ್ಬ ವಿಹಾರಗಳನ್ನು ಕೆಡವಿಸಿದ್ದ. ಐದು ಬುದ್ಧರು ಐದು ಅರಸರ ಗುರುತಂತೆ. ಅರಸರ ದುಡ್ಡು, ಅರಸರ ಮುಖ.

ಇಪ್ಪತ್ತನೆಯ ಗುಹೆಯ ಮುಂದಿನ ಗೋಡೆ ಯಾವಾಗಲೋ ಕುಸಿದುಹೋಗಿದೆ, ಬುದ್ಧ ಬಯಲಲ್ಲೇ ಕೂತಿದ್ದಾನೆ. ಹದಿಮೂರು ಮೀಟರಿಗೂ ಎತ್ತರ. ಎಲ್ಲರೂ ಮುಖ ನೋಡುತ್ತಿದ್ದರು. ನನ್ನ ಕಣ್ಣು ಮೈಮೇಲಿನ ತೂತುಗಳ ಮೇಲೆ. ಆ ಗುಹೆಗಳ ಮೂರ್ತಿಗಳ ಮೈತುಂಬ ಸಾಲುಸಾಲು ತೂತು. ಮುಂದಿನ ಕಾಲದವರು ಸವೆದ ಕಲ್ಲಿಗೆ ಮಣ್ಣು ಮೆತ್ತಿ ರಿಪೇರಿ ಮಾಡಲು ಕೊರೆದು, ಮರದ ಗೂಟ ಬಡಿದದ್ದು. ಮಣ್ಣು ಉದುರಿತು, ಗೂಟ ಕೊಳೆತಿತು, ತೂತು ಉಳಿಯಿತು. ಮರಳುಗಲ್ಲು, ನಮ್ಮ ಬಾದಾಮಿಯ ಕಲ್ಲಿನ ಜಾತಿಯದೇ, ಆದರೆ ಬಾದಾಮಿಯ ಕೆಂಪಿಲ್ಲ. ರಿಪೇರಿ ಮಾಡಲು ಹೋಗಿ ಮೂಲ ಭಾಗವನ್ನೇ ಕೊರೆದ ಕೆಲಸ ನಾನೂ ಕಂಡಿದ್ದೇನೆ, ಒಂದೆರಡು ಸಲ ಮಾಡಿಯೂ ಇದ್ದೇನೆ. ಹಾಗಾಗಿ ಬೈಯಲಾಗಲಿಲ್ಲ.

ಬೀಜಿಂಗ್‌ಗೆ ಮರಳಿ, ಅಲ್ಲಿಂದ ಲುವೊಯಾಂಗ್‌ಗೆ ಸುಮಾರು ನಾಲ್ಕು ತಾಸು. 494ರ ಸುಮಾರಿಗೆ ಅದೇ ವೇಯ್ ಅರಸರು ರಾಜಧಾನಿಯನ್ನು ದಾತೊಂಗ್‌ನಿಂದ ಇಲ್ಲಿಗೆ ತಂದರು. ಬುದ್ಧನ ಕೆಲಸವೂ ಜೊತೆಗೆ ಬಂತು. ಯೀ ನದಿಯ ದಂಡೆಯ ಲೊಂಗ್‌ಮೆನ್‌ನಲ್ಲಿ 2,300ಕ್ಕೂ ಹೆಚ್ಚು ಗುಹೆ, ಗೂಡುಗಳು. ಮೂರ್ತಿಗಳು ಲಕ್ಷದ ಮೇಲೆ. ಇಲ್ಲಿಯದು ಸುಣ್ಣಕಲ್ಲು, ಅಂಚು ಇನ್ನೂ ಚೂಪಾಗಿದೆ. ತಲೆಗಳೇ ಇಲ್ಲದ ಸಾಲುಗಳೂ ಇವೆ. ಕಳೆದ ಶತಮಾನದ ಮೊದಲರ್ಧದಲ್ಲಿ ಕಡಿದು ಮಾರಿಬಿಟ್ಟರು. ಬಿನ್‌ಯಾಂಗ್ ಗುಹೆಯ ಅರಸ, ಅರಸಿಯರ ಮೆರವಣಿಗೆಯ ಎರಡು ಉಬ್ಬುಶಿಲ್ಪ ಈಗ ಅಮೆರಿಕದ ನ್ಯೂಯಾರ್ಕ್ ಮತ್ತು ಕನ್ಸಾಸ್ ಸಿಟಿಯ ವಸ್ತುಸಂಗ್ರಹಾಲಯಗಳಲ್ಲಿವೆ. ಅರಸ ಒಂದು ಊರಲ್ಲಿ, ಅರಸಿ ಇನ್ನೊಂದು ಊರಲ್ಲಿ.

ಅಲ್ಲಿನ ದೊಡ್ಡ ವೈರೋಚನ ಬುದ್ಧ 17 ಮೀಟರು. 675ರಲ್ಲಿ ಮುಗಿಯಿತು. ರಾಣಿ ವೂ ಜೆಟಿಯನ್ ತನ್ನ ಶೃಂಗಾರದ ಖರ್ಚಿನಿಂದ ಇಪ್ಪತ್ತು ಸಾವಿರ ಸರ ನಾಣ್ಯ ಕೊಟ್ಟಳು ಅಂತ ಅಲ್ಲಿನ ಶಾಸನವೇ ಹೇಳುತ್ತದೆ. ನಡುವೆ ತೂತಿದ್ದ ನಾಣ್ಯವನ್ನು ದಾರಕ್ಕೆ ಪೋಣಿಸಿ ಎಣಿಸುತ್ತಿದ್ದ ಕಾಲ. "ಅವ್ವ ಮೇಕಪ್ ರೊಕ್ಕದಾಗ ಇಷ್ಟ್ ಉಳಿಸಿದ್ಲಂದ್ರ, ಉಳಿದದ್ದೆಷ್ಟಿತ್ತೋ" ಅಂದಳು ಮಗಳು.

ನನಗೆ ಬೇಕಾದದ್ದು ಸಿಕ್ಕದ್ದು ಆ ಬುದ್ಧನ ಬಳಿ ಅಲ್ಲ. ಗುಂಪು ಅತ್ತ ಹೋಗುವಾಗ ಮಗಳು ಫೋನಿನಲ್ಲಿ ಓದಿ ಒಂದು ಚಿಕ್ಕ ಗೂಡು ತೋರಿಸಿದಳು. ಲುವೊಯಾಂಗ್‌ನ ಉತ್ತರ ಪೇಟೆಯ ಊದುಬತ್ತಿ, ಸುಗಂಧದ ವ್ಯಾಪಾರಿಗಳ ಸಂಘ ಮಾಡಿಸಿದ್ದು. ರೇಷ್ಮೆ ವ್ಯಾಪಾರಿಗಳದೂ ಇದೆ. ಊರಿನ ಪ್ಯಾಟಿ ಮಂದಿ! ಒಬ್ಬೊಬ್ಬರ ಹೆಸರು ಕಲ್ಲಿನಲ್ಲಿ, ಇವತ್ತು ನಮ್ಮ ಗುಡಿಯ ಟೈಲ್ಸ್ ಮೇಲೆ "ದಾನಿಗಳು" ಅಂತ ಬರೆಸಿದಂತೆ. ನಾನು ಕೈ ಹಿಂದೆ ಕಟ್ಟಿಕೊಂಡು ಬಹಳ ಹೊತ್ತು ನಿಂತೆ. ಅಕ್ಷರ ಒಂದೂ ಓದಲು ಬರದು. ಆದರೆ ಹೆಸರಿನ ಪಟ್ಟಿಯನ್ನು ಯಾವ ಭಾಷೆಯಲ್ಲಿದ್ದರೂ ಗುರುತು ಹಿಡಿಯಬಹುದು. ಧರ್ಮವೊಳಲಿನ ಸೆಟ್ಟರು ಕೂಡ ಹೀಗೇ, ಅಂಗಡಿ ಮುಚ್ಚಿದ ಮೇಲೆ ಕೂತು, ಇವನದೆಷ್ಟು ಅವನದೆಷ್ಟು ಅಂತ ಲೆಕ್ಕ ಹಾಕಿರಬೇಕು.

ಮರುದಿನ ಶ್ವೇತಾಶ್ವ ವಿಹಾರ, ಬಿಳಿ ಕುದುರೆಯ ಗುಡಿ. ಕ್ರಿ.ಶ. 68ರಲ್ಲಿ ಸ್ಥಾಪನೆ ಎನ್ನುತ್ತದೆ ಸಂಪ್ರದಾಯ. ಭಾರತದಿಂದ ಹೋದ ಕಾಶ್ಯಪ ಮಾತಂಗ, ಧರ್ಮರತ್ನ ಅಲ್ಲೇ ಮಣ್ಣಾದರು ಅಂತ ಎರಡು ಸಮಾಧಿ ತೋರಿಸುತ್ತಾರೆ. ಸಾಂಚಿಯ ಮಾದರಿಯಲ್ಲಿ ಭಾರತ ಕಟ್ಟಿಸಿದ ಗುಡಿಯೂ ಆವರಣದಲ್ಲಿದೆ, 2010ರಲ್ಲಿ ರಾಷ್ಟ್ರಪತಿ ಪ್ರತಿಭಾ ಪಾಟೀಲ ಉದ್ಘಾಟಿಸಿದ್ದು.

ಶಿಯಾನ್‌ಗೆ ಒಂದೂವರೆ ತಾಸು. ಅಲ್ಲಿನ ಏಳಂತಸ್ತಿನ ಗೋಪುರ ಹ್ಯೂಯೆನ್ ತ್ಸಾಂಗ್‌ನದು. ಭಾರತದಿಂದ 645ರಲ್ಲಿ ಮರಳಿದಾಗ 657 ಗ್ರಂಥ ತಂದ, ಅವನ್ನು ಇಡಲು 652ರಲ್ಲಿ ಕಟ್ಟಿಸಿದ್ದು. ನಮ್ಮ ಇಮ್ಮಡಿ ಪುಲಿಕೇಶಿಯ ನಾಡಿನ ಮಂದಿ ಅಭಿಮಾನಿಗಳು, ಯುದ್ಧಕ್ಕೆ ಆನೆಗೂ ಹೆಂಡ ಕುಡಿಸುತ್ತಾರೆ, ಹರ್ಷನಿಗೂ ಇವರನ್ನು ಮಣಿಸಲಾಗಲಿಲ್ಲ ಅಂತ ಬರೆದವನು ಅವನೇ. ಮೇಲೆ ಹತ್ತಲು ಮೊಣಕಾಲು ಒಪ್ಪಲಿಲ್ಲ. ಕೆಳಗೆ ಕಟ್ಟೆಯ ಮೇಲೆ ಕೂತು ಉಳಿದ ಫೇಡೆ ತಿಂದೆ.

ಊರಿಗೆ ಬಂದು ಡಂಬಳಕ್ಕೆ ಹೋದೆ. ಅಕ್ಕ ಎಲ್ಲ ಫೋಟೊ ನೋಡಿದಳು. ಗಾಡಿಯ ಸ್ಪೀಡು ಹೇಳಿದೆ, ಅವಳಿಗೆ ಅದು ನಾಟಲಿಲ್ಲ.

"ಅಷ್ಟ್ ದೂರ ಹೋಗಿ, ಆ ದೊಡ್ಡ ದೇವ್ರ ಮುಂದ ಕಾಯಿ ಒಡಸಿದ್ಯೋ ಇಲ್ಲೋ?"

"ಅಲ್ಲೆ ಕಾಯಿ ಒಡಿಯೂದಿಲ್ಲಕ್ಕಾ."

"ಹಂಗಾರ ಏನರ ರೊಕ್ಕ ಹಾಕಿದ್ಯಾ?"

ಹಾಕಿದ್ದೆ. ಬಿಳಿ ಕುದುರೆಯ ಗುಡಿಯ ಡಬ್ಬಿಯಲ್ಲಿ ಹತ್ತು ಯುವಾನ್. ಹೆಸರು ಬರೆಸಿರಲಿಲ್ಲ.