ಪುದೀನಾಕ್ಕೆ ಹೋಗುವ ವಾಸನೆಯಲ್ಲ

ಬೆಳ್ಳಿ ಆಕಳಿಸಿದರೆ ಸೋಫಾದ ಆ ತುದಿಗೆ ಕೂತವರೂ ಮುಖ ತಿರುಗಿಸುವಂತಾಗಿತ್ತು. ವಯಸ್ಸು ಆರು. ಕೊಟ್ಟವರು ಪಮೇರಿಯನ್ ಎಂದು ಹೇಳಿ ಕೊಟ್ಟಿದ್ದರು. ನಮ್ಮ ಕಡೆ ಪಮೇರಿಯನ್ ಎಂದು ಕರೆಯುವ ಬಿಳಿ ನಾಯಿಗಳಲ್ಲಿ ಬಹುಪಾಲು ಇಂಡಿಯನ್ ಸ್ಪಿಟ್ಜ್ ಅಂತೆ, ಅದು ಆಮೇಲೆ ತಿಳಿದದ್ದು. ಹೆಸರು ಏನೇ ಇರಲಿ, ಚೂಪು ಮೂತಿ, ಚಿಕ್ಕ ಬಾಯಿ, ಆ ಚಿಕ್ಕ ಬಾಯೊಳಗೆ ಒತ್ತೊತ್ತಾಗಿ ಹಲ್ಲು.

ಬೆಳಗ್ಗೆ ಅತ್ತೆ ಲಿಂಗಪೂಜೆಗೆ ಕೂತರೆ ಬೆಳ್ಳಿ ಪಕ್ಕದಲ್ಲೇ ಮೂತಿ ಚಾಚಿ ಮಲಗುವುದು ಮರಿಯಾಗಿದ್ದಾಗಿನಿಂದ ಬಂದ ರೂಢಿ. ವಿಭೂತಿ, ಊದಿನಕಡ್ಡಿ, ಹೂವು ಇಷ್ಟೆಲ್ಲದರ ನಡುವೆಯೂ ಆ ನಾತ ಮೂಗಿಗೆ ಬಡಿಯತೊಡಗಿದಾಗ ಅತ್ತೆ ಪೂಜೆ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡರು. ಬೆಳ್ಳಿ ಹೊರಗೆ ಕೂತು ಕುಂಯ್‌ಗುಟ್ಟಿತು. ಅದನ್ನೂ ಸಹಿಸಲಾರದೆ ಅತ್ತೆ ತಮ್ಮ ಮದ್ದು ಶುರು ಮಾಡಿದರು. ಮೊಸರನ್ನಕ್ಕೆ ಪುದೀನಾ ಸೊಪ್ಪು ಹೆಚ್ಚಿ ಹಾಕುವುದು, ಕುಡಿಯುವ ನೀರಿಗೆ ತುಳಸಿ ಎಲೆ, ರಾತ್ರಿ ಒಂದು ಚಮಚ ಕೊಬ್ಬರಿ ಎಣ್ಣೆ. ಒಂದೆರಡು ತಾಸು ಪುದೀನಾ ವಾಸನೆ ಇರುತ್ತಿತ್ತು, ಆಮೇಲೆ ಪುದೀನಾ ಮತ್ತು ನಾತ ಎರಡೂ ಕೂಡಿ ಮೂರನೆಯದೇ ಒಂದು ವಾಸನೆ. ಲವಂಗದ ಎಣ್ಣೆ ಹಚ್ಚೋಣ ಎಂದೂ ಹೊರಟಿದ್ದರು. ಬೆಳ್ಳಿ ಮಂಚದ ಕೆಳಗೆ ಸೇರಿಕೊಂಡಿದ್ದರಿಂದ ಬಚಾವಾಯಿತು.

ಪಕ್ಕದ ಮನೆಯ ಯಜಮಾನರ ತೀರ್ಪು ಬೇರೆ. ‘ನಾಯಿ ಬಾಯಿ ನಾರದೆ ಮಲ್ಲಿಗಿ ಹೂವಿನಂಗೆ ಘಮ್ ಅಂತೈತೇನ್ರಿ?’

ತಮಾಷೆಗೆ ಅಂದದ್ದಾದರೂ ಊರೆಲ್ಲ ನಂಬಿಕೊಂಡಿರುವುದು ಇದನ್ನೇ. ನಾಯಿಯ ಬಾಯಿಗೆ ತನ್ನದೇ ಒಂದು ವಾಸನೆ ಇದ್ದೇ ಇರುತ್ತದೆ, ಉಂಡದ್ದರದು, ನೆಕ್ಕಿದ್ದರದು. ಬೀದಿಯ ಹೇಲು ತಿಂದು ಬಂದ ನಾಯಿಯ ಬಾಯಿ ಒಂದು ಹೊತ್ತು ನಾರುವುದೂ ಉಂಟು. ಆದರೆ ಬೆಳಗ್ಗೆ, ಮಧ್ಯಾಹ್ನ, ಸಂಜೆ ಒಂದೇ ಸಮ ಕೊಳೆತ ನಾತ ಬರುತ್ತಿದ್ದರೆ ಒಳಗೆ ಏನೋ ಕೊಳೆಯುತ್ತಿದೆ ಎಂದೇ ಅರ್ಥ. ಬಾಯೊಳಗೆ ಏನು ಹಾಕಬೇಕು ಎಂದು ಹತ್ತು ಜನ ಹೇಳುತ್ತಾರೆ, ಬಾಯಿ ತೆರೆದು ನೋಡಿ ಎನ್ನುವವರು ಸಿಗುವುದು ಕಷ್ಟ.

ನಮಗೆ ಮಹಡಿ ಮೇಲೆಯೇ ಸಿಕ್ಕರು. ದಾವಣಗೆರೆಯಲ್ಲಿ ಹಲ್ಲಿನ ವಿದ್ಯೆಗೆ ಬರವಿಲ್ಲ. ಬಾಪೂಜಿ ಡೆಂಟಲ್ ಕಾಲೇಜು ಒಂದು, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಇನ್ನೊಂದು. ಬಿಳಿ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಬೆಣ್ಣೆದೋಸೆ ಹೋಟೆಲಿನಲ್ಲಿ ಕೂತ ಹುಡುಗ ಹುಡುಗಿಯರು ನಿಮ್ಮ ದೋಸೆ ಬಿಟ್ಟು ನಿಮ್ಮ ಬಾಯಿಯನ್ನೇ ನೋಡುತ್ತಿರುತ್ತಾರೆ. ಪ್ರಾಕ್ಟಿಕಲ್‌ಗೆ ಪೇಷಂಟ್ ಬೇಕಲ್ಲ. ನಮ್ಮ ಮೇಲಿನ ಮನೆಯ ಬಾಡಿಗೆ ಹುಡುಗಿ, ಹಾವೇರಿ ಕಡೆಯವಳು, ಫೈನಲ್ ಇಯರ್ ಬಿಡಿಎಸ್. ನಮ್ಮತ್ತೆಯ ಹಲ್ಲಿನ ಸೆಟ್ಟು ಅವಳ ಕಾಲೇಜಿನಲ್ಲೇ ಆದದ್ದು. ಒಂದು ಭಾನುವಾರ ಒಣಗಿದ ಬಟ್ಟೆ ತೆಗೆಯಲು ಬಂದವಳು ಬೆಳ್ಳಿಯನ್ನು ಎತ್ತಿಕೊಂಡಳು, ಮೂಗು ಹಿಂದಕ್ಕೆಳೆದುಕೊಂಡಳು. ಮೊಬೈಲ್ ಟಾರ್ಚ್ ಹಾಕಿ, ಬಾಯಿ ತೆರೆಯುವ ಗೋಜಿಗೇ ಹೋಗದೆ ಮೇಲ್ತುಟಿಯನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಸರಿಸಿದಳು.

‘ಆಂಟಿ, ಇಲ್ಲಿ ನೋಡ್ರಿ.’

ಮೇಲಿನ ದವಡೆಯ ದೊಡ್ಡ ಹಲ್ಲು ಕಾಣಿಸಲೇ ಇಲ್ಲ. ಅದರ ಜಾಗದಲ್ಲಿ, ಬೆಲ್ಲ ಕಾಯಿಸುವ ಕೊಪ್ಪರಿಗೆಯ ಅಂಚಿಗೆ ಹಿಡಿದ ಕಿಟ್ಟದ ಹಾಗೆ, ಕಂದು ಬಣ್ಣದ ಒಂದು ಗಟ್ಟಿ ಹೆಪ್ಪು. ಹೆಪ್ಪಿನ ಮೇಲಂಚಿನಲ್ಲಿ ಒಸಡು ಕೆಂಪಗೆ ಗೆರೆ ಎಳೆದಂತೆ ಊದಿತ್ತು. ಅವಳು ಬೆರಳು ಮುಂದಕ್ಕೆ ತಂದಳು. ಎಡಗಡೆ ಕೋರೆಹಲ್ಲು ಒಂದಲ್ಲ, ಎರಡು! ದಪ್ಪನೆಯ ಹಲ್ಲಿನ ಬೆನ್ನಿಗೆ ಅಂಟಿಕೊಂಡು ಸೂಜಿಯಂಥ ಇನ್ನೊಂದು. ಎರಡರ ಸಂದಿಯಲ್ಲಿ ಬಿಳಿ ಕೂದಲ ಎಳೆಗಳು, ಯಾವತ್ತಿನದೋ ಅನ್ನದ ಅಗುಳು.

‘ಅದು ಹಾಲುಹಲ್ಲು ಆಂಟಿ, ಬಿದ್ದೇ ಇಲ್ಲ’ ಎಂದಳು. ‘ಆದ್ರ ನಾನು ಮುಟ್ಟೋ ಹಂಗಿಲ್ಲ, ಇದು ನಾಯಿ ಡಾಕ್ಟರ ಕೆಲಸ.’

ಆ ಸಂಜೆ ಅವಳು ಓದಿ ಬಂದು ಹೇಳಿದ್ದು ನನಗೆ ಹೊಸದು. ಮನುಷ್ಯರಿಗೆ ಹಾಲುಹಲ್ಲು 20, ಆಮೇಲೆ 32. ನಾಯಿಗೆ ಹಾಲುಹಲ್ಲು 28, ಆಮೇಲೆ 42. ನಮಗೆ ಈ ಬದಲಾವಣೆಗೆ ವರ್ಷಗಟ್ಟಲೆ ಬೇಕು. ನಾಯಿಮರಿಗೆ ನಾಲ್ಕನೇ ತಿಂಗಳ ಸುಮಾರಿಗೆ ಶುರುವಾದದ್ದು ಆರು, ಏಳು ತಿಂಗಳೊಳಗೆ ಮುಗಿದುಹೋಗುತ್ತದೆ. ಬಿದ್ದ ಹಲ್ಲನ್ನು ಎಷ್ಟೋ ಸಲ ಮರಿ ನುಂಗಿಬಿಡುವುದರಿಂದ ಮನೆಯವರಿಗೆ ಸುದ್ದಿಯೇ ಇರುವುದಿಲ್ಲ. ಸಣ್ಣ ಜಾತಿಯ ನಾಯಿಗಳಲ್ಲಿ ಕೆಲವು ಹಾಲುಹಲ್ಲು, ಅದರಲ್ಲೂ ಕೋರೆ, ಜಾಗ ಬಿಡದೆ ನಿಂತುಬಿಡುತ್ತವೆ. ನಾಯಿಯ ಜೊಲ್ಲು ನಮ್ಮದಕ್ಕಿಂತ ಹೆಚ್ಚು ಕ್ಷಾರ. ಹಾಗಾಗಿ ಹುಳುಕು ಅಪರೂಪ, ಆದರೆ ಹಲ್ಲಿಗೆ ಕಟ್ಟಿದ ಪಾಚಿ ಎರಡು ಮೂರು ದಿನಕ್ಕೇ ಗಟ್ಟಿಯಾಗತೊಡಗುತ್ತದೆ. ಜೊಲ್ಲಿನ ನಾಳ ತೆರೆಯುವುದು ಮೇಲ್ದವಡೆಯ ಆ ದೊಡ್ಡ ಹಲ್ಲಿನ ಎದುರಿಗೇ. ಹೆಪ್ಪು ಅಲ್ಲೇ ದಪ್ಪ ಇರುವುದಕ್ಕೆ ಕಾರಣ ಅದು.

ಲಸಿಕೆ ಹಾಕಿಸುವ ದನದ ಆಸ್ಪತ್ರೆಯಲ್ಲಿ ವಿಚಾರಿಸಿದೆವು. ಹಲ್ಲು ಕ್ಲೀನ್ ಮಾಡುವ ಯಂತ್ರ ಇರುವ ಕಡೆಗೆ ಹೋಗಿ, ಊರಲ್ಲೇ ಖಾಸಗಿ ಕ್ಲಿನಿಕ್ ಇದೆ, ಇಲ್ಲವೆಂದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಎಂದರು. ಅಷ್ಟರಲ್ಲಿ ನಾಯಿಗಳಿಗೆ ಸ್ನಾನ ಮಾಡಿಸಿ ಕೂದಲು ಕತ್ತರಿಸುವ ಅಂಗಡಿಯೊಂದರಿಂದ ಒಂದು ಮಾತು ಬಂತು. ಮಂಪರು ಇಂಜೆಕ್ಷನ್ ಏನೂ ಬೇಡ, ಹಿಡಿದುಕೊಂಡೇ ಕೆರೆದು ಕೊಡುತ್ತೇವೆ, ಅರ್ಧ ಗಂಟೆ ಸಾಕು. ದರವೂ ಕಡಿಮೆ. ನಮ್ಮ ಮನೆಯವರು ಆ ಕಡೆ ವಾಲಿದ್ದರು.

ಖಾಸಗಿ ಕ್ಲಿನಿಕ್ಕಿನ ಡಾಕ್ಟರು ಅದನ್ನು ಕೇಳಿ ನಕ್ಕರು. ‘ಕಾಣೋ ಹಲ್ಲು ಬೆಳ್ಳಗಾಗುತ್ತೆ ಮೇಡಂ, ಫೋಟೊ ಚೆನ್ನಾಗಿ ಬರುತ್ತೆ. ರೋಗ ಇರೋದು ಒಸಡಿನ ಒಳಗೆ. ಎಚ್ಚರ ಇರೋ ನಾಯಿ ಅಲ್ಲಿಗೆ ಸಲಕರಣೆ ಹಾಕೋಕೆ ಬಿಡುತ್ತಾ?’ ಆಮೇಲೆ ಅವರು ಮಾಡಿದ್ದನ್ನು ನಾನು ಯಾವ ಡಾಕ್ಟರೂ ಮಾಡಿದ್ದು ನೋಡಿರಲಿಲ್ಲ: ಬೆಳ್ಳಿಯ ಮೂತಿಗೆ ತಮ್ಮ ಮೂಗನ್ನು ಹತ್ತಿರ ತಂದು ಉಸಿರೆಳೆದುಕೊಂಡರು. ನೀರು ಜಾಸ್ತಿ ಕುಡಿಯುತ್ತದಾ, ಪದೇ ಪದೇ ಉಚ್ಚೆಗೆ ಹೋಗುತ್ತದಾ, ತೂಕ ಇಳಿದಿದೆಯಾ ಎಂದು ಕೇಳಿದರು. ಉಚ್ಚೆಯಂಥ ವಾಸನೆ ಬಂದರೆ ಕಿಡ್ನಿಯ ಕಡೆ ನೋಡಬೇಕಂತೆ. ಹಣ್ಣಿನಂತೆ ಸಿಹಿ ವಾಸನೆ ಬಂದರೆ ಸಕ್ಕರೆ ಕಾಯಿಲೆಯ ಗುಮಾನಿ. ಕಣ್ಣಿನ ಕೆಳಗೆ ಒತ್ತಿ ನೋಡಿದರು. ಆ ದೊಡ್ಡ ಹಲ್ಲಿಗೆ ಮೂರು ಬೇರು. ಬೇರಿನಲ್ಲಿ ಕೀವು ತುಂಬಿದರೆ ಊತ ಕಾಣುವುದು ಕಣ್ಣಿನ ಕೆಳಗೆ, ಜನ ಕಣ್ಣಿನ ಕಾಯಿಲೆ ಎಂದುಕೊಂಡು ಬರುತ್ತಾರೆ. ಬೆಳ್ಳಿಗೆ ಅದಿರಲಿಲ್ಲ. ರಕ್ತ ತೆಗೆದುಕೊಂಡರು. ಮಂಪರು ಕೊಡುವ ಮುಂಚೆ ಲಿವರ್, ಕಿಡ್ನಿ ಸರಿಯಿವೆಯೇ ನೋಡಲೇಬೇಕು, ರಿಪೋರ್ಟ್ ಚೆನ್ನಾಗಿದ್ದರೆ ಗುರುವಾರ ಬನ್ನಿ ಎಂದರು.

ಗುರುವಾರ ಬೆಳಗ್ಗೆ ಮನೆಯಲ್ಲಿ ದೋಸೆ ಹಾಕಲಿಲ್ಲ. ರಾತ್ರಿಯಿಂದ ಬೆಳ್ಳಿಗೆ ಉಪವಾಸ. ಕಾವಲಿಯ ಸದ್ದು ಕೇಳಿದರೆ ಬಂದು ಕೂರುತ್ತದೆ, ಅತ್ತೆ ಕೈ ತಡೆಯಲಾರರು. ನಾವೆಲ್ಲ ಮಂಡಕ್ಕಿ ತಿಂದು ಎದ್ದೆವು. ಆಟೋದಲ್ಲಿ ನಾನು, ಮೇಲಿನ ಮನೆ ಹುಡುಗಿ, ಮಡಿಲಲ್ಲಿ ಬೆಳ್ಳಿ. ಹುಡುಗಿ ಕ್ಲಾಸಿಗೆ ಚಕ್ಕರ್ ಹೊಡೆದು ಬಂದಿದ್ದಳು. ನೋಡಲು ಬಿಡುತ್ತೀರಾ ಎಂದು ಡಾಕ್ಟರನ್ನು ಕೇಳಿದಳು, ಅವರು ಇಬ್ಬರಿಗೂ ಮಾಸ್ಕ್ ಕೊಟ್ಟು ಗೋಡೆ ಪಕ್ಕ ನಿಲ್ಲಿಸಿದರು.

ಮುಂಗಾಲಿನ ಕೂದಲು ಬೋಳಿಸಿ ಸೂಜಿ ಚುಚ್ಚಿದ ಸ್ವಲ್ಪ ಹೊತ್ತಿಗೇ ಬೆಳ್ಳಿಯ ಕತ್ತು ವಾಲಿತು. ನನಗೆ ಹೊಟ್ಟೆಯೊಳಗೆ ಹೇಗೋ ಆಯಿತು. ಗಂಟಲಿಗೆ ಒಂದು ನಳಿಕೆ ಇಳಿಸಿದರು. ನಳಿಕೆಯ ಸುತ್ತ ಸಣ್ಣ ಬಲೂನು ಇರುತ್ತದೆ, ಅದು ಉಬ್ಬಿ ಶ್ವಾಸನಾಳ ಮುಚ್ಚಿಕೊಂಡರೆ ಯಂತ್ರದ ನೀರು ಪುಪ್ಪುಸಕ್ಕೆ ಇಳಿಯುವುದಿಲ್ಲ. ಹಿಡಿದುಕೊಂಡೇ ಕೆರೆಯುತ್ತೇವೆ ಎಂದವರ ಹತ್ತಿರ ಈ ನಳಿಕೆ ಎಲ್ಲಿಂದ ಬರಬೇಕು?

ಯಂತ್ರ ಚುಯ್ ಎಂದು ಸಣ್ಣಗೆ ಕೂಗುತ್ತ ನೀರು ಚಿಮ್ಮಿಸಿತು. ಆ ಕಂದು ಹೆಪ್ಪು ಕರಗಲಿಲ್ಲ, ಹೋಳಾಗಿ ಎದ್ದಿತು. ಟ್ರೇಗೆ ಬಿದ್ದಾಗ ಟಣ್ ಎಂದಿತು! ಅದು ಎದ್ದ ಜಾಗದಲ್ಲಿ ಹಲ್ಲು ಅಷ್ಟು ಬಿಳುಪಾಗಿ ಇನ್ನೂ ಇದೆ ಎಂದು ನಾನು ಅಂದುಕೊಂಡಿರಲಿಲ್ಲ. ಆದರೆ ಹೆಪ್ಪು ಏಳುತ್ತಲೇ ಇಷ್ಟು ದಿನ ಅದರಡಿ ಮುಚ್ಚಿಕೊಂಡಿದ್ದ ನಾತವೂ ಎದ್ದಿತು, ಮಾಸ್ಕ್ ದಾಟಿ ಬಂತು. ಡಾಕ್ಟರು ಗೆರೆ ಹಾಕಿದ ಸಣ್ಣ ಕಡ್ಡಿಯನ್ನು ಒಸಡಿನ ಅಂಚಿಗೆ ಇಳಿಸುತ್ತ ಹೋದರು. ಮೂರು ಮಿಲಿಮೀಟರ್‌ವರೆಗೆ ಇಳಿದರೆ ಸಹಜ. ಎರಡು ಕೋರೆಗಳ ಸಂದಿಯಲ್ಲಿ ಕಡ್ಡಿ ಅದನ್ನು ದಾಟಿ ಸಲೀಸಾಗಿ ಒಳಗೆ ಹೋಯಿತು. ನನ್ನ ಪಕ್ಕದಲ್ಲಿ ಹುಡುಗಿ ‘ಪಾಕೆಟ್, ಪಾಕೆಟ್’ ಎಂದು ಪಿಸುಗುಟ್ಟಿದಳು. ಒಸಡು ಹಲ್ಲಿನಿಂದ ಬಿಟ್ಟು ಆದ ಪೊಳ್ಳಿಗೆ ಆ ಹೆಸರು, ಪರೀಕ್ಷೆಯಲ್ಲಿ ಓದಿದ ಪ್ರಶ್ನೆಯೇ ಬಂದವರ ಖುಷಿ ಅವಳಿಗೆ.

ಹಾಲುಕೋರೆ ಕಿತ್ತರು. ಕೆಳಗಿನ ಮುಂಭಾಗದ ಎರಡು ಪುಟ್ಟ ಹಲ್ಲು ಬೆರಳು ತಾಗಿದರೆ ಅಲ್ಲಾಡುತ್ತಿದ್ದವು, ಅವೂ ಹೋದವು. ದೊಡ್ಡ ದವಡೆ ಹಲ್ಲುಗಳು ಉಳಿದವು. ಕಡೆಗೆ ಪಾಲಿಶ್, ಕೆರೆದ ಹಲ್ಲು ನುಣುಪಾಗದಿದ್ದರೆ ಪಾಚಿ ಮತ್ತೆ ಬೇಗ ಹಿಡಿಯುತ್ತದಂತೆ.

ಬೆಳ್ಳಿಗೆ ಎಚ್ಚರವಾಗುವವರೆಗೆ ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಬೂದು ಬಣ್ಣದ ನಾಟಿ ನಾಯಿ ಹಿಡಿದುಕೊಂಡು ಬಂದ ಹಳೇ ದಾವಣಗೆರೆ ಕಡೆಯವರೊಬ್ಬರು ಮಾತಿಗೆ ಸಿಕ್ಕರು. ಹಿಂದಿನ ದುಗ್ಗಮ್ಮನ ಜಾತ್ರೆಯಲ್ಲಿ ಆ ನಾಯಿ ಎರಡು ದಿನ ಜೊಲ್ಲು ಸುರಿಸುತ್ತ ಮೂತಿ ನೆಲಕ್ಕೆ ಉಜ್ಜುತ್ತ ತಿರುಗಿತಂತೆ, ಬಾಯಿ ಹತ್ತಿರ ಸೇರಿಸದಷ್ಟು ನಾತ. ನೋಡಿದರೆ ಕುರಿಯ ಎಲುಬಿನ ಚೂರೊಂದು ಬಾಯಿಯ ಅಂಗುಳಿನಲ್ಲಿ ಅಡ್ಡ ಸಿಕ್ಕಿಕೊಂಡು ಆ ಕಡೆ ಈ ಕಡೆಯ ದವಡೆ ಹಲ್ಲುಗಳ ನಡುವೆ ಬಿಗಿದು ಕೂತಿತ್ತು. ‘ಹಲ್ಲಿಗೆ ಒಳ್ಳೇದು ಅಂತ ನಾನೇ ಹಾಕಿದ್ದೆ ನೋಡ್ರಿ ಅಕ್ಕಾರೆ’ ಎಂದರು. ಬೇಯಿಸಿದ ಎಲುಬು ಸೀಳಿ ಚೂಪಾಗುತ್ತದೆ, ಗಟ್ಟಿ ಎಲುಬು ಹಲ್ಲನ್ನೇ ಮುರಿಯುತ್ತದೆ. ಡಾಕ್ಟರು ಒಳಗಿಂದಲೇ ಇದನ್ನು ಕೂಗಿ ಹೇಳಿದರು, ದಿನಕ್ಕೊಮ್ಮೆ ಹೇಳುವ ಮಾತಿರಬೇಕು.

ಬಿಲ್ಲು ನೋಡಿ ಮನೆಯವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನಮ್ಮತ್ತೆಯ ಇಡೀ ಸೆಟ್ಟು ಡೆಂಟಲ್ ಕಾಲೇಜಿನಲ್ಲಿ ಅದಕ್ಕಿಂತ ಅಗ್ಗವಾಗಿ ಬಂದಿತ್ತು. ಹೇಳಲಿಲ್ಲ, ಎಲ್ಲರ ಮನಸ್ಸಿನಲ್ಲೂ ಇತ್ತು.

ಮೊದಲ ಒಂದೆರಡು ದಿನ ಬೆಳ್ಳಿಗೆ ಗಂಜಿಯಂಥ ಮೆತ್ತನೆಯ ಅನ್ನ, ನೋವಿನ ಮಾತ್ರೆ. ಗಾಯ ಮಾಯುತ್ತಿದ್ದಂತೆ ನಾತ ಇಳಿಯಿತು, ಇಳಿದು ಇಲ್ಲವಾಯಿತು. ಇಲ್ಲವಾದ ಮೇಲೆ ದಿನಾ ಬ್ರಶ್ ಮಾಡುವ ಗಲಾಟೆ ಶುರು. ಡಾಕ್ಟರು ಬರೆದುಕೊಟ್ಟ ನಾಯಿ ಪೇಸ್ಟ್ ಕೋಳಿ ರುಚಿಯದು. ಟ್ಯೂಬಿನ ಮೇಲಿನ ಹುಂಜದ ಚಿತ್ರ ನೋಡಿದ ಅತ್ತೆ ಅದನ್ನು ಎರಡು ಬೆರಳಲ್ಲಿ ಹಿಡಿದು ಹಿತ್ತಲ ಕಟ್ಟೆಯ ಮೇಲಿಟ್ಟರು. ‘ಲಿಂಗ ಕಟ್ಟಿದ ಮನ್ಯಾಗ ಇದು ಬ್ಯಾಡವ್ವ.’

ಹಾಗಾದರೆ ನಮ್ಮ ಪೇಸ್ಟೇ ಹಚ್ಚೋಣ ಎಂದರು ಮನೆಯವರು. ಅದು ಕೂಡದು. ನಾಯಿಗೆ ಉಗುಳಲು ಬರುವುದಿಲ್ಲ, ಫ್ಲೋರೈಡು ಹೊಟ್ಟೆಗೆ ಹೋಗುತ್ತದೆ. ಕೆಲವು ಪೇಸ್ಟು, ಸಕ್ಕರೆರಹಿತ ಚ್ಯೂಯಿಂಗ್ ಗಮ್ಮುಗಳಲ್ಲಿ ಸಿಹಿಗಾಗಿ ಹಾಕುವ ಜೈಲಿಟಾಲ್ ನಾಯಿಗೆ ವಿಷ. ರಕ್ತದ ಸಕ್ಕರೆಯನ್ನು ದಿಢೀರನೆ ಇಳಿಸುತ್ತದೆ, ಲಿವರನ್ನೂ ಕೆಡಿಸಬಲ್ಲದು. ಫೋನ್ ಮಾಡಿ ಕೇಳಿದಾಗ ಡಾಕ್ಟರು ಸುಲಭ ಮಾಡಿಕೊಟ್ಟರು: ಪೇಸ್ಟ್ ಬರೀ ಆಸೆ ತೋರಿಸೋಕೆ, ಕೆಲಸ ಮಾಡೋದು ಉಜ್ಜೋದು, ಬರೀ ನೀರಲ್ಲಿ ಅದ್ದಿದ ಬ್ರಶ್ ಆದರೂ ಸಾಕು, ದಿನ ತಪ್ಪಿಸಬೇಡಿ. ಈಗ ಮಕ್ಕಳ ಮೆತ್ತನೆ ಬ್ರಶ್ಶು, ನೀರು. ತುಟಿ ಪಕ್ಕಕ್ಕೆ ಸರಿಸಿ ಹೊರಮೈ ಮಾತ್ರ ಉಜ್ಜುತ್ತೇನೆ, ಒಳಮೈಯನ್ನು ಅದರ ನಾಲಿಗೆಯೇ ಬಹುಮಟ್ಟಿಗೆ ನೋಡಿಕೊಳ್ಳುತ್ತದೆ. ಬೆಳ್ಳಿಗೆ ಇದು ಹಿಡಿಸಿಲ್ಲ. ರಾತ್ರಿ ಊಟವಾದ ಕೂಡಲೇ ಮಂಚದ ಕೆಳಗೆ ಹೋಗಿ ಕೂರುತ್ತದೆ, ಬಾಲ ಮಾತ್ರ ಹೊರಗೆ.

ಮಲ್ಲಿಗೆ ಮಾತಾಡಿದ್ದ ಪಕ್ಕದ ಮನೆಗೂ ಈಚೆಗೆ ಒಂದು ಶಿ ತ್ಸು ಜಾತಿಯ ನಾಯಿಮರಿ ಬಂತು. ಐದು ತಿಂಗಳಾಗುತ್ತಲೇ ಬಾಯಿ ಏನೋ ತುಕ್ಕಿನ ವಾಸನೆ ಹೊಡೆಯುತ್ತಿದೆ ಎಂದು ಅವರ ಮನೆಯಾಕೆ ಅತ್ತೆಯ ಹತ್ತಿರ ಪುದೀನಾ ಕೇಳಲು ಬಂದರು. ತುಟಿ ಸರಿಸಿ ನೋಡಿದರೆ ಹಲ್ಲು ಬೀಳುವ ಕಾಲ, ಒಸಡಿನಲ್ಲಿ ಚೂರು ರಕ್ತ. ಅದು ತಾನೇ ಹೋಗುವ ವಾಸನೆ, ಒದ್ದೆ ಬಟ್ಟೆ ಕಡಿಯಲು ಕೊಡಿ ಎಂದು ಕಳಿಸಿದೆ. ಏಳು ತಿಂಗಳಾದರೂ ಮೇಲಿನ ಒಂದು ಹಾಲುಕೋರೆ ಮಾತ್ರ ಹೊಸ ಹಲ್ಲಿನ ಬೆನ್ನಿಗೆ ನಿಂತೇ ಇತ್ತು. ಸಂತಾನಹರಣದ ಆಪರೇಷನ್ನಿಗೆ ಹೇಗೂ ಮಂಪರು ಕೊಡುತ್ತೇವಲ್ಲ, ಅದರಲ್ಲೇ ಇದನ್ನೂ ತೆಗೆದುಬಿಡೋಣ ಎಂದರಂತೆ ಡಾಕ್ಟರು. ಯಜಮಾನರು ಕಾಂಪೌಂಡಿನ ಆಚೆಯಿಂದ ಕೇಳಿದರು, ‘ಒಂದು ಹಾಲುಹಲ್ಲಿಗೆ ಇಷ್ಟೆಲ್ಲ ಬೇಕೇನ್ರಿ?’

ಅತ್ತೆ ತಲೆ ಎತ್ತದೆ ಸೊಪ್ಪು ಬಿಡಿಸುತ್ತಲೇ ಅಂದರು, ‘ನಮ್ಮ ಬೆಳ್ಳಿ ಬಿಲ್ಲು ಐತಿ, ತಂದು ತೋರ್ಸ್ಲೇನು?’