ಕಪಾಟಿನಿಂದಿಳಿದ ಕುಮಾರವ್ಯಾಸ

ನವೆಂಬರ್ ಬಂತೆಂದರೆ ನಮ್ಮ ಊರಿನ ಶಾಖಾ ಗ್ರಂಥಾಲಯದಲ್ಲಿ ದಿನಪತ್ರಿಕೆಗಳ ಮೇಜುಗಳು ಗೋಡೆಯ ಬದಿಗೆ ಸರಿದು, ಆ ಜಾಗಕ್ಕೆ ಬಾಡಿಗೆಯ ಪ್ಲಾಸ್ಟಿಕ್ ಕುರ್ಚಿಗಳು ಬರುತ್ತವೆ. 1ರಂದು ರಾಜ್ಯೋತ್ಸವ, 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ, ಅದರ ಮೊದಲ ದಿನವೇ ಮಕ್ಕಳ ದಿನಾಚರಣೆ. ಇವೆಲ್ಲ ಒಂದೇ ತಿಂಗಳಿಗೆ ಬೀಳುವುದರಿಂದ ಉಪನ್ಯಾಸ, ಕವಿಗೋಷ್ಠಿ, ಕಾವ್ಯವನ್ನು ರಾಗವಾಗಿ ಓದುವ ಗಮಕಗಳನ್ನು ತಿಂಗಳುದ್ದಕ್ಕೂ ಹಂಚಿಕೊಂಡು ನಡೆಸುವುದು ಇಲ್ಲಿನ ವಾಡಿಕೆ. ಈ ಸಲ ನಾನು ಬಹುಪಾಲು ಎಲ್ಲಕ್ಕೂ ಹೋಗಿದ್ದೆ.

ಉದ್ಘಾಟನೆಯ ದಿನ ಸ್ವಾಗತ, ಪ್ರಾಸ್ತಾವಿಕ ನುಡಿ, ಹಾರ ತುರಾಯಿಗಳು ಮುಗಿಯುವ ಹೊತ್ತಿಗೆ ಉಪನ್ಯಾಸಕರ ಪಾಲಿಗೆ ಉಳಿದದ್ದು 20 ನಿಮಿಷ. ಕವಿಗೋಷ್ಠಿಯಲ್ಲಿ ಕೇಳುವವರಿಗಿಂತ ಓದುವವರೇ ಹೆಚ್ಚಿದ್ದರು.

ಸಪ್ತಾಹದ ಉಪನ್ಯಾಸ ಮಾತ್ರ ಬೇರೆಯಾಗಿತ್ತು. ನಿವೃತ್ತ ಗ್ರಂಥಪಾಲಕರೊಬ್ಬರು ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯದ ಐದು ಸೂತ್ರಗಳನ್ನು ವಿವರಿಸಿ, ಅವರು 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನಾ ಕೇಂದ್ರ ತೆರೆದುದನ್ನು ನೆನೆದರು. ಬಳಿಕ 1965ರ ನಮ್ಮ ಸಾರ್ವಜನಿಕ ಗ್ರಂಥಾಲಯ ಕಾಯಿದೆಯತ್ತ ತಿರುಗಿ, ಆಸ್ತಿ ತೆರಿಗೆಯ ಜೊತೆಗೆ ನಾವು ಕಟ್ಟುವ ಗ್ರಂಥಾಲಯ ಕರದಿಂದಲೇ ಈ ಕಪಾಟುಗಳು ತುಂಬಬೇಕೆಂದಾಗ, ಸಭೆಯಲ್ಲಿದ್ದ ಮನೆ ಯಜಮಾನರೆಲ್ಲ ಸ್ವಲ್ಪ ನೆಟ್ಟಗೆ ಕುಳಿತರು. ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ಸಿಗಬೇಕೆಂಬ ಮೂರನೆಯ ಸೂತ್ರ ನನ್ನನ್ನು ಹಿಡಿದುಕೊಂಡಿತು. ಅಂದಿನಿಂದ ಪ್ರತಿ ಕಾರ್ಯಕ್ರಮ ಮುಗಿದ ಮೇಲೆ ಎಷ್ಟು ಪುಸ್ತಕಗಳು ಎರವಲು ಹೋದವೆಂದು ಗ್ರಂಥಪಾಲಕರನ್ನು ಕೇಳತೊಡಗಿದೆ. ಹೆಚ್ಚಿನ ದಿನ ಅವರು ನಕ್ಕು ಸುಮ್ಮನಾಗುತ್ತಿದ್ದರು.

ನಾಲ್ಕನೆಯ ಶನಿವಾರ ಗಮಕವಿತ್ತು. ಕುಮಾರವ್ಯಾಸ ಭಾರತದ ವಿರಾಟಪರ್ವದಿಂದ ಉತ್ತರಕುಮಾರನ ಪ್ರಸಂಗ. ಒಬ್ಬರು ವಾಚನ, ಇನ್ನೊಬ್ಬರು ವ್ಯಾಖ್ಯಾನ. ಹಾರ್ಮೋನಿಯಂ ಇಲ್ಲ, ತಾಳದ ಹಂಗೂ ಇಲ್ಲ. ಗಮಕವನ್ನು ಹಾಡುಗಾರಿಕೆ ಎಂದುಕೊಂಡು ಬಂದವರಿಗೆ ಅದು ಓದು ಎಂಬುದು ಕೆಲವೇ ಪದ್ಯಗಳಲ್ಲಿ ತಿಳಿಯಿತು. ಅಂತಃಪುರದ ಹೆಂಗಸರ ಮುಂದಿನ ಬಡಾಯಿಗೆ ಒಂದು ರಾಗ, ಕೌರವಸೇನೆಯನ್ನು ಕಂಡು ರಥದಿಂದ ಧುಮುಕಿ ಓಡುವಾಗಿನ ಭಯಕ್ಕೆ ಇನ್ನೊಂದು. ಭಾಮಿನಿ ಷಟ್ಪದಿಯ ಮೂರು ನಾಲ್ಕು ಮಾತ್ರೆಗಳ ನಡೆಯನ್ನು ಬಿಡದೆ, ಅರ್ಥಕ್ಕೆ ತಕ್ಕಂತೆ ಪದಗಳನ್ನು ಬಿಡಿಸುತ್ತ ಹೋದಂತೆ ಪಕ್ಕದ ಕೋಣೆಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದ ಹುಡುಗರು, ತಿಂಗಳಿಡೀ ಧ್ವನಿವರ್ಧಕದ ಮೇಲೆ ನ್ಯಾಯವಾಗಿಯೇ ದೂರುತ್ತಿದ್ದವರು, ಬಾಗಿಲಲ್ಲಿ ನಿಂತು ನಗುತ್ತಿದ್ದರು. ಗ್ರಂಥಾಲಯಕ್ಕೆ ಇದಕ್ಕಿಂತ ಒಪ್ಪುವ ಕಲೆ ನನಗಂತೂ ತೋರದು.

ಅಂದು ಗ್ರಂಥಪಾಲಕರನ್ನು ಕೇಳುವ ಅಗತ್ಯ ಬೀಳಲಿಲ್ಲ. ಕುರ್ಚಿಗಳನ್ನು ಎತ್ತುವ ಮೊದಲೇ ಭಾರತದ ಎರಡೂ ಪ್ರತಿಗಳು ಹೋಗಿದ್ದವು. ಕಾಯುವವರ ಚೀಟಿಯಲ್ಲಿ ನನ್ನ ಹೆಸರು ಮೂರನೆಯದು. ಮೊದಲನೆಯದು ಆ ಹುಡುಗರಲ್ಲಿ ಒಬ್ಬನದು.