ರಾಡಾರಿನಲ್ಲಿ ಕಂಡ ಹಸಿರು ಗೆರೆ

ಬೆಂಗಳೂರಿನ ಮಳೆ ಹುಚ್ಚರಿಗೆ ಜನವರಿ ಬೇಸರದ ತಿಂಗಳು. ಏಪ್ರಿಲ್, ಮೇನಲ್ಲಾದರೆ ಸಂಜೆ ನಾಲ್ಕಾಗುವುದೇ ತಡ, ನಾವೆಲ್ಲ ರಾಡಾರ್ ಚಿತ್ರ ತೆರೆದು ಕೂರುತ್ತೇವೆ. ಮಾಗಡಿ ಕಡೆ ಕೆಂಪಾಯ್ತು, ಕನಕಪುರದಲ್ಲಿ ಗುಡುಗಂತೆ ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುವುದೇ ಒಂದು ಹಬ್ಬ. ಜನವರಿಯಲ್ಲಿ ಅದೇನೂ ಇಲ್ಲ. ಹಾಗಾಗಿ ನಾನು, ಮಲ್ಲೇಶ್ವರದ ಮೇಷ್ಟ್ರು ಇಬ್ಬರೂ ಆಗ ಅಮೆರಿಕದ ಗ್ರೇಟ್ ಲೇಕ್ಸ್ ಕಡೆ ತಿರುಗುತ್ತೇವೆ. ಮೇಷ್ಟ್ರು ಫಿಸಿಕ್ಸ್ ಪಾಠ ಮಾಡಿ ನಿವೃತ್ತರಾದವರು. ನನಗೆ ಇನ್ನೊಂದು ಕಾರಣವೂ ಇದೆ. ನನ್ನ ತಂಗಿಯ ಸಂಸಾರ ಇರುವುದು ಅಲ್ಲೇ, ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ.

ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ಅವರು ಬಫಲೋದಲ್ಲಿರುವ ಸ್ನೇಹಿತರ ಮನೆಗೆ ಊಟಕ್ಕೆ ಹೊರಡುವವರಿದ್ದರು. ಐ-90 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಒಂದೂಕಾಲು ಗಂಟೆ ದಾರಿ. ಅಲ್ಲಿ ಬೆಳಗ್ಗೆ ಒಂಬತ್ತೂವರೆಗೆ ಹೊರಡುವುದು ಅಂತ ಮಾತಾಗಿತ್ತು. ಅಂದರೆ ನಮಗೆ ರಾತ್ರಿ ಎಂಟು.

ಮಧ್ಯಾಹ್ನವೇ ಮೇಷ್ಟ್ರ ಫೋನು ಬಂತು. "ಕೋಲ್ಡ್ ಫ್ರಂಟ್ ನೋಡಿದ್ರಾ? ಜೋರಾಗಿದೆ. ಸ್ಕ್ವಾಲ್ ಆಗ್ಬಹುದು ರೀ."

ಕೋಲ್ಡ್ ಫ್ರಂಟ್ ಅಂದರೆ ಬೆಚ್ಚಗಿನ ಗಾಳಿಯನ್ನು ತಳ್ಳಿಕೊಂಡು ಬರುವ ತಣ್ಣನೆಯ ಗಾಳಿಯ ಅಂಚು. ಸ್ನೋ ಸ್ಕ್ವಾಲ್ ಅಂದರೆ ದಿನವಿಡೀ ಬೀಳುವ ಹಿಮವಲ್ಲ. ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಬಿಸಿಲಿದ್ದ ಕಡೆ ಇದ್ದಕ್ಕಿದ್ದಂತೆ ಗಾಳಿ ನುಗ್ಗಿ, ಮುಂದಿನ ಕಾರು ಕಾಣದಷ್ಟು ಹಿಮ ಸುರಿಯುತ್ತದೆ. ಜೊತೆಗೆ ಉಷ್ಣಾಂಶ ಸರ್ರನೆ ಇಳಿದು, ಒದ್ದೆ ರಸ್ತೆ ನಿಮಿಷಗಳಲ್ಲಿ ಮಂಜುಗಡ್ಡೆಯಾಗುತ್ತದೆ. ಬಿದ್ದ ಹಿಮ ಅಳೆದರೆ ಎರಡು ಬೆರಳಿನಷ್ಟೂ ಇರುವುದಿಲ್ಲ. ಜನ ಅದಕ್ಕೇ ಇದನ್ನು ಹಗುರವಾಗಿ ನೋಡುತ್ತಾರೆ. 2022ರ ಮಾರ್ಚ್ 28ರಂದು ಪೆನ್ಸಿಲ್ವೇನಿಯಾದ ಐ-81 ಹೆದ್ದಾರಿಯಲ್ಲಿ ಇಂಥದ್ದೇ ಸ್ಕ್ವಾಲ್‌ಗೆ ಸಿಕ್ಕಿ 80 ವಾಹನಗಳು ಒಂದಕ್ಕೊಂದು ಗುದ್ದಿದವು. 6 ಜನ ಸತ್ತರು. ಆ ವಿಡಿಯೊ ನೋಡಿದ ಮೇಲೆ ಈ ವಿಷಯದಲ್ಲಿ ನಾನು ಸುಮ್ಮನಿರಲಾರೆ.

ಹವಾಮಾನವನ್ನು ಮುಂಚೆಯೇ ಲೆಕ್ಕ ಹಾಕುವ ಕಂಪ್ಯೂಟರ್ ಮಾಡೆಲ್‌ಗಳನ್ನು ತೆರೆದು ಕೂತೆ. ಇವು ಭೂಪಟವನ್ನು ಚೌಕಗಳಾಗಿ ಹೋಳು ಮಾಡಿ ಲೆಕ್ಕ ಹಾಕುತ್ತವೆ. ಜಿಎಫ್‌ಎಸ್ ಮಾಡೆಲ್‌ನ ಒಂದೊಂದು ಚೌಕ ಸುಮಾರು 13 ಕಿಲೋಮೀಟರ್. ಜಯನಗರದಿಂದ ಹೆಬ್ಬಾಳದವರೆಗೆ ಎಲ್ಲವೂ ಅದಕ್ಕೆ ಒಂದೇ ಊರು. ಜಯನಗರದಲ್ಲಿ ಧಾರಾಕಾರ ಮಳೆ, ಹೆಬ್ಬಾಳದಲ್ಲಿ ಹನಿಯೂ ಇಲ್ಲ ಅನ್ನುವುದನ್ನು ನಾವೇ ಎಷ್ಟು ಸಲ ನೋಡಿಲ್ಲ, ಅಲ್ವಾ? ಹತ್ತು ಕಿಲೋಮೀಟರ್ ಅಗಲದ ಹಿಮದ ಪಟ್ಟಿಯೂ ಹಾಗೇ ಅದರ ಕಣ್ಣು ತಪ್ಪಿಸುತ್ತದೆ. ಫ್ರಂಟ್ ಬರುತ್ತದೆ ಅನ್ನುವುದನ್ನು ಮಾತ್ರ ಅದು ನಾಲ್ಕು ದಿನದಿಂದಲೂ ಸರಿಯಾಗಿ ಹೇಳುತ್ತಿತ್ತು. ಎಚ್‌ಆರ್‌ಆರ್‌ಆರ್ ಅನ್ನುವ ಇನ್ನೊಂದು ಮಾಡೆಲ್‌ನ ಚೌಕ 3 ಕಿಲೋಮೀಟರ್, ಅದೂ ಗಂಟೆಗೊಮ್ಮೆ ಹೊಸ ರನ್, ಅಂದರೆ ಹೊಸ ಲೆಕ್ಕ. ಇಂಥ ದಿನ ನನಗೆ ಅದರ ಮೇಲೆಯೇ ಭರವಸೆ. ನೆಲದಿಂದ ಎರಡು ಕಿಲೋಮೀಟರ್ ಎತ್ತರದವರೆಗಿನ ತೇವ, ಗಾಳಿ, ಗಾಳಿ ಎಷ್ಟು ಸುಲಭವಾಗಿ ಮೇಲೇಳುತ್ತದೆ ಅನ್ನುವುದು, ಇವಿಷ್ಟನ್ನೂ ಸೇರಿಸಿ ಸ್ನೋ ಸ್ಕ್ವಾಲ್ ಪ್ಯಾರಾಮೀಟರ್ ಅಂತ ಒಂದು ಲೆಕ್ಕ ಹಾಕುತ್ತಾರೆ. ಈರಿ ಸರೋವರದ ಉದ್ದಕ್ಕೂ ಆ ಅಂಕಿ ಏರಿತ್ತು. ಮೊದಲ ರನ್‌ಗಳು ಸ್ಕ್ವಾಲ್ ಅಲ್ಲಿನ ಮಧ್ಯಾಹ್ನ ಹನ್ನೆರಡಕ್ಕೆ ಬಫಲೋ ಮುಟ್ಟುತ್ತದೆ ಅಂದವು. ಹೊಸದು ಬಂದಂತೆಲ್ಲ ಸಮಯ ಹಿಂದೆ ಸರಿಯಿತು. ಹನ್ನೊಂದೂವರೆ, ಹನ್ನೊಂದು, ಹತ್ತೂವರೆ.

ಮೂರು ರನ್ ಒಂದೇ ದಿಕ್ಕಿಗೆ ಸರಿಯುತ್ತಿದ್ದರೆ ಗಮನಿಸಲೇಬೇಕು.

ಸಂಜೆ ಏಳಕ್ಕೆ ರಾಡಾರ್ ತೆರೆದೆ. ಪೆನ್ಸಿಲ್ವೇನಿಯಾದ ಈರಿ ಪಟ್ಟಣದ ಮೇಲೆ ಉತ್ತರ ದಕ್ಷಿಣವಾಗಿ ಎಳೆದಂತೆ ಒಂದು ತೆಳು ಹಸಿರು ಗೆರೆ. ಪಕ್ಕದಲ್ಲಿ ಅಮ್ಮ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಬಗ್ಗಿ ನೋಡಿ, "ಹಸಿರು ತಾನೇ, ಕೆಂಪೇನಿಲ್ವಲ್ಲ" ಅಂದರು. ನಮ್ಮ ಮನೆಯಲ್ಲಿ ಅಮ್ಮನಿಗೂ ರಾಡಾರ್ ಬಣ್ಣ ಗೊತ್ತು! ಬೆಂಗಳೂರಿನ ಬೇಸಿಗೆ ಮಳೆ ಲೆಕ್ಕದಲ್ಲಿ ಅವರು ಹೇಳಿದ್ದು ಸರಿ. ಇಲ್ಲಿ ಹಸಿರು ಅಂದರೆ ಬಟ್ಟೆ ಒಳಗೆ ತರುವುದೂ ಬೇಡ. ಆದರೆ ಹಿಮದ ಮಾತು ಬೇರೆ. ನೀರಿನ ಹನಿ ರಾಡಾರ್ ಅಲೆಯನ್ನು ಜೋರಾಗಿ ವಾಪಸ್ ಕಳಿಸುತ್ತದೆ, ಹಿಮ ಅಷ್ಟು ಕಳಿಸುವುದಿಲ್ಲ. ಮೋಡವೂ ಗಿಡ್ಡ, ಎರಡು ಮೂರು ಕಿಲೋಮೀಟರ್ ಎತ್ತರ ಅಷ್ಟೇ. ದೂರದ ರಾಡಾರಿನ ಕಿರಣ ಎಷ್ಟೋ ಸಲ ಅದರ ತಲೆಯ ಮೇಲಿಂದಲೇ ಹಾದುಹೋಗುತ್ತದೆ. ಆ ತೆಳು ಹಸಿರಿನ ಕೆಳಗೆ ರಸ್ತೆಯೇ ಕಾಣದಿರಬಹುದು.

ಗೆರೆ ಗಂಟೆಗೆ 70 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ಬರುತ್ತಿತ್ತು. ಲೆಕ್ಕ ಹಾಕಿದೆ. ಒಂಬತ್ತೂವರೆಗೆ ಹೊರಟರೆ ಇವರ ಕಾರು, ಆ ಸ್ಕ್ವಾಲ್ ಎರಡೂ ನಡುದಾರಿಯ ಬಟಾವಿಯಾ ಊರು ದಾಟಿದ ಮೇಲೆ, ಬಫಲೋಗೆ ಸ್ವಲ್ಪ ಮೊದಲು ಎದುರುಬದುರಾಗುತ್ತವೆ. ಹೆದ್ದಾರಿಯ ನಟ್ಟನಡುವೆ.

ತಂಗಿಗೆ ಫೋನ್ ಮಾಡಿದೆ.

"ಅಣ್ಣ, ಇಲ್ಲಿ ಬಿಸಿಲಿದೆ. ಮಕ್ಕಳಿಗೆ ಶೂ ಹಾಕ್ತಾ ಇದೀನಿ."

"ಹಾಕ್ಬೇಡ. ಅದು ನಿಮ್ಮನೆ ದಾಟಿ ಹೋಗ್ಲಿ. ಹನ್ನೆರಡಕ್ಕೆ ಬರುತ್ತೆ, ಮುಕ್ಕಾಲು ಗಂಟೇಲಿ ಮುಗಿಯುತ್ತೆ. ಉಪ್ಪು ಹಾಕೋ ಲಾರಿಗಳಿಗೂ ಸ್ವಲ್ಪ ಟೈಮ್ ಕೊಡು. ಆಮೇಲೆ ಹೊರಡಿ."

ಅವಳ ಗಂಡ ಒಪ್ಪುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅಡುಗೆ ಮಾಡಿಟ್ಟು ಕಾಯುವವರಿಗೆ ಏನು ಹೇಳುವುದು ಅನ್ನುವುದು ಅವರ ಸಂಕಟ, ನ್ಯಾಯವೇ. ಕೊನೆಗೆ ಅಮ್ಮ ಫೋನ್ ಇಸ್ಕೊಂಡು, "ಊಟ ತಣ್ಣಗಾದ್ರೆ ಬಿಸಿ ಮಾಡ್ಕೋಬಹುದಪ್ಪ" ಅಂದರು. ಅಲ್ಲಿಗೆ ಮುಗಿಯಿತು.

ನಮ್ಮ ಗಡಿಯಾರದಲ್ಲಿ ಒಂಬತ್ತಾಗುವ ಹೊತ್ತಿಗೆ ಗೆರೆ ಬಫಲೋ ದಾಟಿತು. ಹತ್ತರ ಸುಮಾರಿಗೆ ತಂಗಿಯ ಫೋನಿಗೂ ಅಲ್ಲಿನ ಹವಾಮಾನ ಇಲಾಖೆಯ ಸ್ನೋ ಸ್ಕ್ವಾಲ್ ಎಚ್ಚರಿಕೆ ಬಂತು. ಇಂಥ ಎಚ್ಚರಿಕೆಯನ್ನು ಅವರು ದೇಶದೆಲ್ಲೆಡೆ ಕೊಡಲು ಶುರು ಮಾಡಿದ್ದು 2018ರಲ್ಲಿ. ಸ್ವಲ್ಪ ಹೊತ್ತಿಗೆ ಅವಳು ಕಿಟಕಿಯಿಂದ ತೆಗೆದ ವಿಡಿಯೊ ಕಳಿಸಿದಳು. ಮೊದಲು ಎದುರು ಮನೆಯ ಕೆಂಪು ಬಾಗಿಲು ಸ್ಪಷ್ಟ. ಆಮೇಲೆ ಹಿಮ ಅಡ್ಡಡ್ಡಲಾಗಿ ಹಾರಿ, ಬಾಗಿಲು ಮಸುಕಾಗಿ, ಮನೆಯೇ ಮಾಯ. ತಮ್ಮದೇ ಅಂಗಳದ ಕಾರೂ ಕಾಣುವುದಿಲ್ಲ. ಮೇಷ್ಟ್ರಿಗೆ ಕಳಿಸಿದೆ. ಅವರು ಅದನ್ನು ರಾಡಾರ್ ಚಿತ್ರದ ಪಕ್ಕದಲ್ಲಿಟ್ಟು, ನಿಮಿಷ ನಿಮಿಷಕ್ಕೆ ಹೋಲಿಸುತ್ತಾ ಕೂತರು.

ಅಲ್ಲಿನ ಒಂದು ಗಂಟೆಗೆ ಅವರು ಹೊರಟರು. ದಾರಿಯಲ್ಲಿ ಹಳ್ಳಕ್ಕಿಳಿದ ಎರಡು ಕಾರು ಕಂಡವಂತೆ. ಎರಡೂವರೆಗೆ ತಲುಪಿದ್ದೇವೆ ಅಂತ ಮೆಸೇಜ್ ಬಂದಾಗ ನಮಗೆ ರಾತ್ರಿ ಒಂದು. ಅಮ್ಮ ಅಲ್ಲಿವರೆಗೂ ಮಲಗಿರಲಿಲ್ಲ.

ಈಗ ತಂಗಿ ತಾನಾಗಿಯೇ ಕೇಳುತ್ತಾಳೆ. "ಅಣ್ಣ, ಮುಂದಿನ ವಾರ ಗುರುವಾರ ಸಿರಕ್ಯೂಸ್‌ಗೆ ಹೋಗ್ಬೇಕು, ಹೇಗಿದೆ?" ವಾರದ ಮೊದಲು ಯಾವ ಮಾಡೆಲ್ಲೂ ಸ್ಕ್ವಾಲ್ ಹೇಳಲಾರದು. ಚಳಿ ಬರುತ್ತದೋ ಇಲ್ಲವೋ ಅಷ್ಟು ಹೇಳಬಹುದು. "ಗುರುವಾರ ಬೆಳಗ್ಗೆ ಹೊರಡೋ ಮುಂಚೆ ಫೋನ್ ಮಾಡು, ರಾಡಾರ್ ನೋಡಿ ಹೇಳ್ತೀನಿ" ಅಂದಿದ್ದೇನೆ.